ಧರ್ಮ ಸಂದೇಹ: ಜಗಲಿ ಮುಚ್ಚಿದರೆ ಹೊಸ್ತಿಲು ಎಲ್ಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಹಂಚಿನ ಮನೆ, ಮಾವನವರ ತಂದೆ ಕಟ್ಟಿಸಿದ್ದು. ಪೂರ್ವಕ್ಕೆ ಮುಖ. ಮುಂದೆ ಉದ್ದಕ್ಕೂ ಜಗಲಿ, ಮರದ ಕಂಬಗಳು, ನಡುವೆ ಪ್ರಧಾನ ಬಾಗಿಲು. ಬಾಗಿಲಿಗೆ ನೇರವಾಗಿ ಅಂಗಳದಲ್ಲಿ ತುಳಸಿಕಟ್ಟೆ. ಒಳಗೆ ಈಶಾನ್ಯಕ್ಕೆ ದೇವರ ಮನೆ. ಮಲಗುವ ಕೋಣೆಗಳೆಲ್ಲ ಉಪ್ಪರಿಗೆಯಲ್ಲಿ, ಬಚ್ಚಲು ಹಿತ್ತಿಲಿನಾಚೆ. ನಮ್ಮ ಅತ್ತೆಯವರಿಗೆ 81 ವರ್ಷ. ಹೋದ ಮಳೆಗಾಲದಲ್ಲಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಈಗ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ. ಮೆಟ್ಟಿಲು ಹತ್ತಲು ಆಗುವುದಿಲ್ಲ. ನಡುಮನೆಯಲ್ಲೇ ಮಂಚ ಹಾಕಿದ್ದೇವೆ. ಬಂದು ಹೋಗುವವರ ಎದುರು ಬಟ್ಟೆ ಬದಲಿಸುವುದೂ ಅವರಿಗೆ ಸಂಕೋಚ.

ಜಗಲಿಗೆ ಗೋಡೆ ಕಟ್ಟಿ ಕೋಣೆ ಮಾಡಿ, ಪಕ್ಕದಲ್ಲೇ ಬಚ್ಚಲು ಮಾಡೋಣ ಎಂದು ನಮ್ಮ ಯಜಮಾನರು ಮೇಸ್ತ್ರಿಯನ್ನು ಕರೆಸಿದರು. ಬಾವನವರು ಒಪ್ಪಲಿಲ್ಲ. "ಮನೆ ಮುಖ ಮುಚ್ಚಿದ್ರೆ ಲಕ್ಷ್ಮಿ ಎಲ್ಲಿಂದ ಬರ್ತಾಳೆ? ಹೊಸ್ತಿಲು ಒಳಗಾಗುತ್ತೆ, ತುಳಸಿಗೆ ಬೆನ್ನು ಹಾಕಿದ ಹಾಗಾಗುತ್ತೆ" ಎಂದರು. ಯಾರೋ ಒಬ್ಬರು ಜ್ಯೋತಿಷ್ಯ ಹೇಳುವವರು, ಪ್ರಧಾನ ಬಾಗಿಲನ್ನೇ ಕಿತ್ತು ಮುಂದಕ್ಕೆ ತರಬೇಕು, 50,000 ರೂಪಾಯಿಯ ಶಾಂತಿ ಮಾಡಿಸಬೇಕು ಎಂದರಂತೆ. ಇದನ್ನೆಲ್ಲ ಕೇಳಿಸಿಕೊಂಡ ಅತ್ತೆಯವರು "ನನ್ನ ದೆಸೆಯಿಂದ ಮನೆಗೆ ಕೇಡಾಗೋದು ಬೇಡ, ಕೊಟ್ಟಿಗೆ ಪಕ್ಕದ ಸಾಮಾನಿನ ಕೋಣೇಲಿ ಹಾಕ್ಬಿಡಿ" ಎನ್ನುತ್ತಿದ್ದಾರೆ. ನನಗೆ ಅದು ಸಹಿಸುತ್ತಿಲ್ಲ. ಇನ್ನೊಂದು ಮಾತು, ಬರೆಯಲು ಕೈ ಬರುತ್ತಿಲ್ಲ: "ನಾಳೆ ಏನಾದರೂ ಆದರೆ ಮನೆ ಬಾಗಿಲಲ್ಲೇ ಆದ ಹಾಗೆ" ಎಂದೂ ಬಾವನವರು ಹೇಳಿದರು. ಶಾಸ್ತ್ರದಲ್ಲಿ ಇದಕ್ಕೆಲ್ಲ ಏನಿದೆ? ದಯವಿಟ್ಟು ತಿಳಿಸಿ.
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಒಂದು ಮಾತು: ಅತ್ತೆಯವರನ್ನು ಕೊಟ್ಟಿಗೆಯ ಪಕ್ಕದ ಕೋಣೆಗೆ ಕಳಿಸಬೇಡಿ. ಮನೆಯ ಶುಭಾಶುಭದ ಲೆಕ್ಕ ಹಾಕುವುದಾದರೆ, ಹೆತ್ತ ತಾಯಿ "ನಾನು ಈ ಮನೆಗೆ ಭಾರ" ಎಂದುಕೊಳ್ಳುವುದಕ್ಕಿಂತ ದೊಡ್ಡ ದೋಷ ಯಾವ ದಿಕ್ಕಿನಲ್ಲೂ ಇಲ್ಲ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಓದು ಮುಗಿಸಿದ ಶಿಷ್ಯನಿಗೆ ಗುರು ಉಪದೇಶ ಮಾಡುವಾಗ ತಾಯಿ, ತಂದೆ, ಆಚಾರ್ಯ, ಅತಿಥಿ ಈ ನಾಲ್ವರನ್ನು ದೇವರೆಂದು ಕಾಣಬೇಕು ಎನ್ನುತ್ತಾನೆ. ಅಲ್ಲಿ ಮೊದಲ ಹೆಸರು ತಾಯಿಯದು. ದೇವರ ಮನೆಗೆ ಕೊಡುವ ಜಾಗದ ಬಗ್ಗೆ ಇಷ್ಟು ಯೋಚಿಸುವ ನಾವು, ತಾಯಿಗೆ ಕೊಡುವ ಜಾಗದ ಬಗ್ಗೆಯೂ ಅಷ್ಟೇ ಯೋಚಿಸಬೇಕಲ್ಲವೇ?

ಇನ್ನು ಜಗಲಿ ಮುಚ್ಚುವುದು ದೋಷವೇ ಎಂಬ ಪ್ರಶ್ನೆ. ನಮ್ಮ ಜಗಲಿಗೆ ಸಂಸ್ಕೃತದಲ್ಲಿ ಅಲಿಂದ ಎಂಬ ಹೆಸರಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಗೆ ಒಂದು ಅಧ್ಯಾಯವೇ ಇದೆ. ಅಲ್ಲಿ ಮನೆಗಳಿಗೆ ಸರ್ವತೋಭದ್ರ, ನಂದ್ಯಾವರ್ತ, ವರ್ಧಮಾನ ಮುಂತಾದ ಹೆಸರು ಕೊಡುವುದೇ ಅಲಿಂದ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಎಂಬುದನ್ನು ನೋಡಿ. ಮನೆಯ ಮುಂಭಾಗಕ್ಕೆ ಮಾತ್ರ ಪಡಸಾಲೆಯಂಥ ಸಾಲು ಇದ್ದರೆ ಆ ಮನೆಗೆ ಸೋಷ್ಣೀಷ ಎಂದು ಹೆಸರು. ಉಷ್ಣೀಷ ಎಂದರೆ ಮುಂಡಾಸು. ಮುಂಡಾಸು ಸುತ್ತಿದ ಮನೆ ಎಂದರ್ಥ. ಎಷ್ಟು ಸೊಗಸಾದ ಮಾತು ನೋಡಿ! ಇದರಿಂದ ತಿಳಿಯಬೇಕಾದದ್ದು ಇಷ್ಟು: ಜಗಲಿ ಮನೆಯ ಹೊರಗಿನ ವಸ್ತುವಲ್ಲ, ಅದು ಮೊದಲಿಂದಲೂ ಮನೆಯದೇ ಭಾಗ. ನೀವು ಹೊಸ ಭೂಮಿಯನ್ನು ಮನೆಗೆ ಸೇರಿಸುತ್ತಿಲ್ಲ. ಇದ್ದ ಜಾಗಕ್ಕೆ ಗೋಡೆಯ ಮರೆ ಕೊಡುತ್ತಿದ್ದೀರಿ, ಅಷ್ಟೆ. ಮುಂಡಾಸು ಮನೆಯ ಮರ್ಯಾದೆ ಹೌದು. ಆದರೆ ತಾಯಿ ಚಳಿಯಲ್ಲಿ ನಡುಗುವಾಗ ಮಗ ಅದನ್ನೇ ಬಿಚ್ಚಿ ಹೊದೆಸಿದರೆ ಅವನ ಮರ್ಯಾದೆ ಹೋಗುತ್ತದೆಯೇ?

ಮಲೆನಾಡಿನವರಾದ ನಿಮಗೆ ಇನ್ನೊಂದು ಸಂಗತಿ ನಾನು ಹೇಳಬೇಕಾಗಿಲ್ಲ. ಎರಚಲು ಮಳೆ ಶುರುವಾದರೆ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಮರೆ ಮಾಡುವುದು ನಿಮ್ಮ ಕಡೆಯ ಹಿರಿಯರ ಪದ್ಧತಿ. ಆ ತಿಂಗಳುಗಳಲ್ಲಿ ಲಕ್ಷ್ಮಿ ಮನೆಗೆ ಬರಲಿಲ್ಲವೇ? ತಟ್ಟಿ ಕಟ್ಟಿದ್ದಕ್ಕೆ ಯಾರೂ ಶಾಂತಿ ಮಾಡಿಸಿದ್ದಿಲ್ಲ. ಮಳೆಯಿಂದ ಮನೆಯವರನ್ನು ಕಾಯುವುದಕ್ಕೆ ಮುಚ್ಚಬಹುದಾದರೆ, ಮುಪ್ಪಿನಿಂದ ಒಬ್ಬರನ್ನು ಕಾಯುವುದಕ್ಕೂ ಮುಚ್ಚಬಹುದು.

ಹಾಗೆಂದು ಬಾವನವರ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಜಗಲಿಗೆ ಅದರದೇ ಆದ ಒಂದು ಧರ್ಮವಿದೆ. ದಾರಿಹೋಕ ಕೂರುವುದು, ಕೆಲಸದವರು ಉಣ್ಣುವುದು, ಭಿಕ್ಷೆಗೆ ಬಂದವರು ನಿಲ್ಲುವುದು, ನೆರೆಯವರು ಎಲೆ ಅಡಿಕೆ ಹಾಕುವುದು ಎಲ್ಲ ಅಲ್ಲಿಯೇ. ಅದೇ ತೈತ್ತಿರೀಯದ ಭೃಗುವಲ್ಲಿಯಲ್ಲಿ, ಉಳಿದುಕೊಳ್ಳಲು ಜಾಗ ಕೇಳಿ ಬಂದ ಯಾರನ್ನೂ ಇಲ್ಲವೆಂದು ಕಳಿಸಬಾರದು, ಅದು ವ್ರತ ಎಂದಿದೆ. ನಮ್ಮಲ್ಲಿ ಆ ವ್ರತವನ್ನು ನಡೆಸಿಕೊಂಡು ಬಂದದ್ದು ಜಗಲಿ. ಪೂರ್ತಿ ಮುಚ್ಚಿ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರೆ ಆ ವ್ರತಕ್ಕೆ ಭಂಗ ಬರುತ್ತದೆ. ಬಾವನವರಿಗೆ ಕಾಣುತ್ತಿರುವ ಭಯದ ಬೇರು ಬಹುಶಃ ಇದೇ ಇರಬಹುದು.

ಆದ್ದರಿಂದ ನನ್ನ ಸಲಹೆ ಹೀಗಿದೆ. ಇಡೀ ಜಗಲಿ ಮುಚ್ಚಬೇಡಿ. ದೇವರ ಮನೆ ಈಶಾನ್ಯಕ್ಕಿದೆ ಎಂದಿದ್ದೀರಿ. ಹಾಗಾಗಿ ಬಾಗಿಲಿನಿಂದ ಉತ್ತರಕ್ಕಿರುವ ಭಾಗವನ್ನು ಇದ್ದ ಹಾಗೇ ಬಿಡಿ. ದಕ್ಷಿಣದ ಅರ್ಧವನ್ನು ಮಾತ್ರ ಕೋಣೆ ಮಾಡಿ, ಅದರ ತುದಿಗೆ ಬಚ್ಚಲು ಕಟ್ಟಿಸಿ. ಆಗ ಬಚ್ಚಲ ಗೋಡೆ ದೇವರ ಮನೆಯ ಗೋಡೆಗೆ ತಾಗುವುದಿಲ್ಲ, ಪ್ರಧಾನ ಬಾಗಿಲಿಗೆ ಅಡ್ಡ ಬರುವುದಿಲ್ಲ, ಬಂದವರಿಗೆ ಕೂರಲು ಜಾಗವೂ ಉಳಿಯುತ್ತದೆ. ಉಳಿದ ಅರ್ಧದಲ್ಲಿ ಒಂದು ಬೆಂಚು, ಒಂದು ತಂಬಿಗೆ ನೀರು ಯಾವಾಗಲೂ ಇರಲಿ. ಜಗಲಿ ಚಿಕ್ಕದಾದರೂ ಜಗಲಿಯ ಧರ್ಮ ಚಿಕ್ಕದಾಗುವುದಿಲ್ಲ.

ಹೊಸ್ತಿಲಿನ ವಿಷಯ. ಹೀಗೆ ಅರ್ಧ ಮುಚ್ಚಿದರೆ ನಿಮ್ಮ ಪ್ರಧಾನ ಹೊಸ್ತಿಲು ಎಲ್ಲಿತ್ತೋ ಅಲ್ಲೇ ಇರುತ್ತದೆ. ಅದನ್ನು ಕೀಳುವ ಮಾತೇ ಇಲ್ಲ. ಮೂರು ತಲೆಮಾರು ಅರಿಶಿನ ಕುಂಕುಮ ಕಂಡ ಬಾಗಿಲವಾಡವನ್ನು ಕಾರಣವಿಲ್ಲದೆ ಅಲುಗಾಡಿಸಬೇಡಿ. ಜಗಲಿಯನ್ನು ಪೂರ್ತಿ ಮುಚ್ಚಲೇಬೇಕಾದ ಮನೆಗಳವರೂ ಇದನ್ನು ಕೇಳುತ್ತಾರೆ, ಅವರಿಗೂ ಹೇಳಿಬಿಡುತ್ತೇನೆ: ಹಳೆಯ ಹೊಸ್ತಿಲ ಪೂಜೆ ನಿಲ್ಲಿಸುವುದು ಬೇಡ, ಹೊಸದಾಗಿ ಬಂದ ಹೊರಬಾಗಿಲಿಗೂ ರಂಗೋಲಿ, ತೋರಣ ಇರಲಿ. ಎರಡು ಹೊಸ್ತಿಲು ಪೂಜಿಸಿದರೆ ಯಾವ ದೋಷವೂ ಇಲ್ಲ.

ಅತ್ತೆಯವರ ಕೋಣೆಯ ಬಾಗಿಲಿಗೆ ಮಾತ್ರ ಎತ್ತರದ ಹೊಸ್ತಿಲು ಇಡಿಸಬೇಡಿ. "ಹೊಸ್ತಿಲಿಲ್ಲದ ಬಾಗಿಲು ಆಗಬಾರದು" ಎಂದು ಬಡಗಿ ಹೇಳಿಯಾನು. ನೆಲಕ್ಕೆ ಸಮವಾಗಿ ಒಂದು ಮರದ ಪಟ್ಟಿ ಅಥವಾ ಕಲ್ಲಿನ ಪಟ್ಟಿ ಕೂರಿಸಲು ಹೇಳಿ. ಅದಕ್ಕೇ ಅರಿಶಿನ ಕುಂಕುಮ ಇಡಿ. ಹೊಸ್ತಿಲು ಒಳಗು ಹೊರಗುಗಳ ನಡುವಿನ ಗೆರೆ. ನರಸಿಂಹ ಸ್ವಾಮಿ ಹಿರಣ್ಯಕಶಿಪುವನ್ನು ಮನೆಯ ಒಳಗೂ ಅಲ್ಲದೆ ಹೊರಗೂ ಅಲ್ಲದೆ ಹೊಸ್ತಿಲಲ್ಲಿ ಸಂಹರಿಸಿದ ಎಂದು ಕೇಳಿದ್ದೇವೆ. ಅಲ್ಲಿ ಲೆಕ್ಕಕ್ಕೆ ಬಂದದ್ದು ಆ ಗೆರೆ, ಅದರ ಎತ್ತರವಲ್ಲ. ವಾಕರ್ ಎಡವಿ ಅವರು ಇನ್ನೊಮ್ಮೆ ಬೀಳದ ಹಾಗೆ ನೋಡಿಕೊಳ್ಳುವುದು ಈಗ ಎಲ್ಲಕ್ಕಿಂತ ಮುಖ್ಯ. ಬಚ್ಚಲಿಗೂ ಮೆಟ್ಟಿಲು ಬೇಡ, ಜಾರದ ಕಲ್ಲು ಹಾಕಿಸಿ, ಗೋಡೆಗೆ ಹಿಡಿಕೆ ಇಡಿಸಿ.

ತುಳಸಿಯ ವಿಷಯ. ತುಳಸಿಕಟ್ಟೆ ಇದ್ದಲ್ಲೇ ಇರಲಿ. ಪ್ರಧಾನ ಬಾಗಿಲು ತೆರೆದೇ ಇರುವುದರಿಂದ ತುಳಸಿಗೆ ಬೆನ್ನು ಹಾಕಿದಂತೆ ಆಗುವುದೇ ಇಲ್ಲ. ಎರಡು ಎಚ್ಚರ ಸಾಕು. ಬಚ್ಚಲ ನೀರು ಅಂಗಳದ ಕಡೆಗೆ ಹರಿಯದೆ, ಪೈಪಿನಲ್ಲಿ ದಕ್ಷಿಣದ ಬದಿಯಿಂದ ಹಿಂದಕ್ಕೆ ಹೋಗಲಿ. ಕಟ್ಟಡದ ಮರಳು, ಸಿಮೆಂಟು ಕಟ್ಟೆಯ ಸುತ್ತ ರಾಶಿ ಬೀಳದಿರಲಿ. ಜಾಗ ಸಾಲದೆ ಕಟ್ಟೆಯನ್ನೇ ಸರಿಸಬೇಕಾದವರು ದ್ವಾದಶಿ, ಭಾನುವಾರ ಮತ್ತು ಸಂಜೆಯ ಹೊತ್ತು ಬಿಟ್ಟು, ಬೆಳಗ್ಗೆ ಪೂಜೆ ಮಾಡಿ ಪ್ರಾರ್ಥಿಸಿಕೊಂಡು, ಬುಡದ ಮಣ್ಣಿನ ಸಮೇತ ಗಿಡವನ್ನು ಎತ್ತಿ ಹೊಸ ಕಟ್ಟೆಯಲ್ಲಿ ನೆಡಬಹುದು. ಗಿಡ ಹಿಡಿಯದೆ ಒಣಗಿದರೆ ಹೆದರಬೇಡಿ, ಅದರ ಸಸಿಯನ್ನೇ ನೆಟ್ಟು, ಒಣಗಿದ್ದನ್ನು ಹರಿಯುವ ನೀರಿಗೋ ಮರದ ಬುಡಕ್ಕೋ ಸೇರಿಸಿ. ಕಸದ ಜೊತೆ ಹಾಕಬೇಡಿ.

ಹೊಸ ಗೋಡೆಯಲ್ಲಿ ಪೂರ್ವಕ್ಕೆ ದೊಡ್ಡ ಕಿಟಕಿ ಬಿಡಿ, ಅದರ ತಳ ಮಂಚದ ಮಟ್ಟಕ್ಕಿರಲಿ. ಅತ್ತೆಯವರು ದಕ್ಷಿಣಕ್ಕೆ ತಲೆ ಹಾಕಿ ಮಲಗಿದರೆ ಬಲ ಮಗ್ಗುಲಿಗೆ ಅಂಗಳವೂ ತುಳಸಿಯೂ ಕಾಣುತ್ತದೆ. ಇಷ್ಟು ವರ್ಷ ಕಟ್ಟೆಗೆ ನೀರು ಹಾಕಿ ಪ್ರದಕ್ಷಿಣೆ ಬಂದವರು ಅವರು. ಉತ್ಥಾನ ದ್ವಾದಶಿಯ ದಿನ ನೆಲ್ಲಿ ಕೊಂಬೆ ನೆಟ್ಟು ತುಳಸಿ ಪೂಜೆ ಮಾಡುವಾಗ ಮಲಗಿದಲ್ಲಿಂದಲೇ ದೀಪ ನೋಡಿ ಕೈ ಮುಗಿಯಲಿ. ಕಿಟಕಿಗೆ ಶಾಸ್ತ್ರದ ಬೆಂಬಲವೂ ಇದೆ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ವೈಶ್ವದೇವದ ಬಲಿ ಹೇಳುವಾಗ, ಮನೆಯ ನಡುವೆ ಬ್ರಹ್ಮನಿಗೂ ವಾಸ್ತೋಷ್ಪತಿಗೂ ಅನ್ನ ಇಡಬೇಕು, ಬಾಗಿಲಲ್ಲಿ ಮರುತ್ತುಗಳಿಗೆ ಇಡಬೇಕು ಎಂದಿದೆ. ಮರುತ್ತುಗಳು ಗಾಳಿಯ ದೇವತೆಗಳು. ಜಗಲಿ ಮುಚ್ಚಿದಾಗ ಹಿಂದಿನ ಕೋಣೆಯ ಕಿಟಕಿಗೆ ಗಾಳಿ ಬೆಳಕು ತಪ್ಪುತ್ತದೆ. ಅಲ್ಲಿಗೂ ಬೆಳಕು ಬರುವಂತೆ ಒಂದೆರಡು ಗಾಜಿನ ಹಂಚು ಹಾಕಿಸಿ. ಗಾಳಿಯಾಡದ ಕೋಣೆಯಲ್ಲಿ ಮಲೆನಾಡಿನ ತೇವಕ್ಕೆ ಹಾಸಿಗೆಯೇ ಬೂಷ್ಟು ಹಿಡಿಯುತ್ತದೆ. ಜಗಲಿಯ ನೆಲಕ್ಕೆ ಅಂಗಳದ ಕಡೆ ಇಳಿಜಾರು ಇರುತ್ತದೆ, ಅದನ್ನು ಸಮ ಮಾಡಿಸುವುದು, ಕಂಬದ ಸಾಲಿನ ಮೇಲೆ ಗೋಡೆ ಎಬ್ಬಿಸಲು ಅಡಿಪಾಯ ಸಾಕೇ ಎಂದು ನೋಡುವುದು ಇವೆಲ್ಲ ಮೇಸ್ತ್ರಿಯನ್ನು ಕೇಳಬೇಕಾದ ಮಾತು, ಪುರೋಹಿತರನ್ನಲ್ಲ.

ಶಾಂತಿ ಎಷ್ಟು ಬೇಕು? ಮುಹೂರ್ತ ಹೇಳುವ ಗ್ರಂಥಗಳಲ್ಲಿ ಗೃಹಪ್ರವೇಶ ಮೂರು ಬಗೆ: ಹೊಸ ಮನೆ ಹೊಗುವುದು ಅಪೂರ್ವ, ದೂರ ಪ್ರಯಾಣದಿಂದ ಮರಳಿ ಹೊಗುವುದು ಸಪೂರ್ವ, ಬೆಂಕಿ ನೀರುಗಳಿಂದ ಹಾಳಾದದ್ದನ್ನು ಸರಿಮಾಡಿ ಹೊಗುವುದು ದ್ವಂದ್ವ. ನೀವು ವಾಸವಿರುವ ಮನೆಯಲ್ಲೇ ಒಂದು ಭಾಗಕ್ಕೆ ಗೋಡೆ ಕಟ್ಟುವುದು ಈ ಮೂರರಲ್ಲಿ ಯಾವುದೂ ಅಲ್ಲ. ಆದರೂ ಕಟ್ಟುವಾಗ ಪ್ರಾರ್ಥನೆ ಇರುವುದು ನಮ್ಮ ಪದ್ಧತಿ, ಅದನ್ನು ಬಿಡಬಾರದು. ಹೀಗೆ ಮಾಡಿ:

ಕೆಲಸ ಹಿಡಿಯುವ ದಿನ ಕುಲದೇವರಿಗೆ ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿಡಿ. ಗಣಪತಿ ಪೂಜೆ ಮಾಡಿ, ಬಚ್ಚಲಿಗೆ ಹೊಸ ಪಾಯ ತೋಡುವ ಕಡೆ ಭೂಮಿಗೆ ಹಾಲು, ಅರಿಶಿನ ಕುಂಕುಮ ಹಾಕಿ ಕ್ಷಮೆ ಕೇಳಿ.

ಬಾಗಿಲವಾಡ ನಿಲ್ಲಿಸುವ ದಿನ ಮಾವಿನೆಲೆ ಕಟ್ಟಿ, ಬಡಗಿಗೂ ಮೇಸ್ತ್ರಿಗೂ ಎಲೆ ಅಡಿಕೆ ದಕ್ಷಿಣೆ ಕೊಡಿ. ತೆಗೆದ ಹಳೆಯ ಕಂಬವಿದ್ದರೆ ಸೌದೆಗೆ ಹಾಕದೆ ಮನೆಯಲ್ಲೇ ಬೇರೆ ಕೆಲಸಕ್ಕೆ ಬಳಸಿ.

ಕೆಲಸ ಮುಗಿದ ಮೇಲೆ ನಿಮ್ಮ ಮನೆಯ ಪುರೋಹಿತರಿಂದ ಪುಣ್ಯಾಹ ಮಾಡಿಸಿ, ಕೋಣೆಗೆ ಪ್ರೋಕ್ಷಣೆ ಮಾಡಿಸಿ. ಋಗ್ವೇದದ ಏಳನೆಯ ಮಂಡಲದ ವಾಸ್ತೋಷ್ಪತಿ ಸೂಕ್ತವನ್ನು ಹೇಳಿಸಿ. ಮನೆಯ ಒಡೆಯನಾದ ದೇವನೇ, ರೋಗವಿಲ್ಲದ ನೆಲೆ ಕೊಡು, ನಮ್ಮ ಎರಡು ಕಾಲಿನವರಿಗೂ ನಾಲ್ಕು ಕಾಲಿನವುಗಳಿಗೂ ಒಳಿತು ಮಾಡು ಎಂದು ಅದರಲ್ಲಿ ಬೇಡಿಕೆಯಿದೆ. ನಿಮ್ಮ ಸಂದರ್ಭಕ್ಕೆ ಇದಕ್ಕಿಂತ ಒಪ್ಪುವ ಪ್ರಾರ್ಥನೆ ಬೇರಿಲ್ಲ. ಹಾಲು ಉಕ್ಕಿಸಿ, ಬಂದವರಿಗೆ ಪಾಯಸದ ಊಟ ಹಾಕಿ. ಇಷ್ಟೇ. ವಾಸ್ತುಹೋಮ ಮಾಡಿಸಲೇಬೇಕೆಂದು ಮನಸ್ಸಿದ್ದರೆ, ಕೈಲಾದರೆ ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ಹೆದರಿ ಸಾಲ ಮಾಡಿ ಮಾಡಿಸಬೇಡಿ. ಎಲೆ, ಹೂ, ಹಣ್ಣು, ನೀರು ಏನನ್ನೇ ಆಗಲಿ ಭಕ್ತಿಯಿಂದ ಕೊಟ್ಟರೆ ಸ್ವೀಕರಿಸುತ್ತೇನೆ ಎಂದು ಗೀತೆಯ 9ನೇ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ. ಆ 50,000ದಲ್ಲಿ ಬಚ್ಚಲಿಗೆ ಬಿಸಿನೀರಿನ ವ್ಯವಸ್ಥೆಯಾಗುತ್ತದೆ, ಒಳ್ಳೆಯ ಮಂಚ ಬರುತ್ತದೆ.

ಆ ಕೋಣೆಗೆ ಮೊದಲು ಕಾಲಿಡುವವರು ಅತ್ತೆಯವರೇ ಆಗಲಿ. ಮಾವನವರು ಇಲ್ಲ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. "ಅವರು ಮುಂದೆ ಹೋಗಬಾರದು, ಮುತ್ತೈದೆಯರು ಹೋಗಲಿ" ಎಂದು ಯಾರಾದರೂ ಅಂದಾರು. ತಾಯಿಯ ಸ್ಥಾನಕ್ಕೆ ವೈಧವ್ಯದಿಂದ ಕುಂದಿಲ್ಲ. ಗಂಡನನ್ನು ಕಳೆದುಕೊಂಡ ಕುಂತಿಯ ಪಾದಕ್ಕೆ ಎರಗಿಯೇ ಪಾಂಡವರು ಶುಭಕಾರ್ಯಗಳಿಗೆ ಹೊರಟವರು. ನೀವು ದೀಪ ಹಿಡಿದು ಪಕ್ಕದಲ್ಲಿ ನಡೆಯಿರಿ, ಅವರು ವಾಕರ್ ಹಿಡಿದು ಮುಂದೆ ನಡೆಯಲಿ.

ಕೊನೆಗೆ, ನೀವು ಬರೆಯಲು ಅಂಜಿದ ಮಾತು. ಸಾವು ಬಂದರೆ ಮನೆ ಬಾಗಿಲಲ್ಲಿ ಬಂದಂತೆ ಎಂಬ ಭಯ. ಆಯುಷ್ಯ ದೇವರ ಕೈಯಲ್ಲಿದೆ, ಅತ್ತೆಯವರು ಇನ್ನೂ ಹಲವು ದೀಪಾವಳಿ ನೋಡಲಿ. ಆದರೆ ಸಾವಿಲ್ಲದ ಮನೆ ಎಲ್ಲಿದೆ? ನೀವಿರುವ ಮನೆಯಲ್ಲೂ ಹಿರಿಯರು ಕಣ್ಣು ಮುಚ್ಚಿದ್ದಾರೆ, ಅದೇ ಮನೆಯಲ್ಲಿ ಮದುವೆ ಮುಂಜಿಗಳೂ ಆಗಿವೆ. ಆಶೌಚ ಬರುವುದು ಬಂಧುಗಳಿಗೆ. ಹನ್ನೊಂದನೆಯ ದಿನದ ಶುದ್ಧಿಯೊಂದಿಗೆ ಮನೆಯೂ ಶುದ್ಧವಾಗುತ್ತದೆ. ಧನಿಷ್ಠಾ ಪಂಚಕದಂಥ ನಕ್ಷತ್ರದೋಷ ಬಂದರೆ ಅದಕ್ಕೂ ಶಾಂತಿ ಹೇಳಿದ್ದಾರೆ. ಯಾವ ಕೋಣೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಗರುಡಪುರಾಣವಂತೂ ಅಂತ್ಯಕಾಲದಲ್ಲಿ ಹತ್ತಿರ ತುಳಸಿ ಇರಬೇಕು, ಸಾಲಗ್ರಾಮ ಇರಬೇಕು ಎನ್ನುತ್ತದೆ. ಯಾವತ್ತೋ ಒಂದು ದಿನ, ಮಕ್ಕಳು ಸುತ್ತ ಇರುವಾಗ, ಕಿಟಕಿಯಾಚೆ ತುಳಸಿ ಕಾಣುವಾಗ ಕಣ್ಣು ಮುಚ್ಚುವುದು ಭಾಗ್ಯ. ಅದನ್ನು ಕೇಡು ಎನ್ನಬಾರದು. ಕೊಟ್ಟಿಗೆಯ ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಹೋದರೆ, ಅದರ ಶಾಂತಿಗೆ ಮಾತ್ರ ಯಾವ ಗ್ರಂಥದಲ್ಲೂ ಮಂತ್ರವಿಲ್ಲ.

ಬಾವನವರನ್ನು ಎದುರು ಹಾಕಿಕೊಂಡು ಕೆಲಸ ಶುರು ಮಾಡಬೇಡಿ. ಹಿರಿಯರ ಮನೆ, ಅವರಿಗೂ ಅದರಲ್ಲಿ ಹಕ್ಕಿದೆ, ಅವರಿಗೂ ಅದು ತಾಯಿಯೇ. ಈ ಸಂಚಿಕೆಯನ್ನು ಅವರ ಕೈಗೆ ಕೊಡಿ. ಪುಣ್ಯಾಹದ ದಿನ ಕಲಶ ಹಿಡಿಯುವುದು ಅವರೇ ಎಂದು ಹೇಳಿ ಕರೆಯಿರಿ. ಮನೆಯ ಮುಖ ಮುಚ್ಚಬಾರದು ಎನ್ನುವಷ್ಟು ಪ್ರೀತಿ ಆ ಮನೆಯ ಮೇಲೆ ಇರುವವರು ತಾಯಿಯ ಮುಖ ನೋಡಿ ಒಪ್ಪದೆ ಇರುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ಪೂರ್ವದ ಬಾಲ್ಕನಿಗೆ ಗಾಜು ಹಾಕಿಸಿ ದೇವರ ಮನೆ ಮಾಡಿಕೊಳ್ಳಬಹುದೇ? ಅಲ್ಲಿ ಈಗ ತುಳಸಿ ಕುಂಡವಿದೆ, ವಾಷಿಂಗ್ ಮೆಷಿನ್ ಇದೆ.
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಮಾಡಿಕೊಳ್ಳಬಹುದು. ಮೇಲಿನ ಮನೆಯವರದೂ ಅಲ್ಲಿ ಬಾಲ್ಕನಿಯೇ ಆಗಿದ್ದರೆ, ದೇವರ ತಲೆಯ ಮೇಲೆ ಶೌಚಾಲಯ ಬಂತೆಂಬ ಹಲವರ ಕೊರಗು ನಿಮಗಿಲ್ಲ. ಮೊದಲು ಸಂಘದವರ ಒಪ್ಪಿಗೆ ಪಡೆಯಿರಿ. ಕಟ್ಟಡದ ಹೊರಮುಖ ಎಲ್ಲರಿಗೂ ಸೇರಿದ್ದು. ಕೇಳದೆ ಬದಲಿಸಿ ಅಲ್ಲಿ ದೇವರನ್ನು ಕೂರಿಸಿದರೆ ನಾಳೆ ಜಗಳದ ನಡುವೆ ಪೂಜೆ ಮಾಡಬೇಕಾಗುತ್ತದೆ.

ವಾಷಿಂಗ್ ಮೆಷಿನ್ ಬೇರೆ ಕಡೆಗೆ ಹೋಗಲಿ. ಬಟ್ಟೆ ಒಣಗಿಸುವ ಹಗ್ಗ ದೇವರ ಮೇಲೆ ಬರಬಾರದು. ಗಾಜನ್ನು ಪೂರ್ತಿ ಭದ್ರವಾಗಿ ಮುಚ್ಚದೆ ತೆರೆಯುವಂತೆ ಇಡಿಸಿ. ದೀಪ, ಧೂಪ, ಕರ್ಪೂರದ ಹೊಗೆ ಹೋಗಲು ದಾರಿ ಬೇಕು. ಗಾಳಿಗೆ ಹಾರುವ ಪರದೆಯ ಹತ್ತಿರ ದೀಪ ಇಡಬೇಡಿ, ಮನೆಯಲ್ಲಿ ಯಾರೂ ಇಲ್ಲದಾಗ ಉರಿಯುವ ದೀಪ ಬಿಟ್ಟು ಹೋಗಬೇಡಿ. ಭಾರದ ಕಲ್ಲಿನ ಮಂಟಪ ಬೇಡ, ಮರದ ಮಂಟಪ ಸಾಕು.

ತುಳಸಿಗೆ ಬಿಸಿಲು ಬೇಕು, ಗಾಳಿ ಬೇಕು. ಗಾಜಿನೊಳಗೆ ಅದು ಸೊರಗುವಂತಿದ್ದರೆ ಹೊರ ಅಂಚಿನ ಒಳಗೆ ಭದ್ರವಾಗಿ, ಕೆಳಗಿನವರ ಮೇಲೆ ನೀರು ಬೀಳದಂತೆ ಇಡಿ. ಹಳೆಯ ಜಾಗದಿಂದ ದೇವರನ್ನು ಒಳ್ಳೆಯ ದಿನ ಬೆಳಗ್ಗೆ ಪೂಜೆ ಮುಗಿಸಿ ತಟ್ಟೆಯಲ್ಲಿ ತನ್ನಿ. ಹೊಸ ಜಾಗಕ್ಕೆ ಪುಣ್ಯಾಹದ ನೀರು ಪ್ರೋಕ್ಷಣೆ ಮಾಡಿ, ದೀಪ ಹಚ್ಚಿ, ನೈವೇದ್ಯ ಇಟ್ಟರೆ ಆಯಿತು. ಮನೆಯಲ್ಲಿ ನಿತ್ಯ ಪೂಜಿಸುವ ವಿಗ್ರಹಗಳಿಗೆ ಜಾಗ ಬದಲಿಸಿದ ಮಾತ್ರಕ್ಕೆ ಮತ್ತೆ ಪ್ರತಿಷ್ಠೆ ಬೇಕಿಲ್ಲ. ನಿತ್ಯದ ಪೂಜೆ ತಪ್ಪದಿರಲಿ.

ಎಲ್ಲರಿಗೂ ಮಂಗಳವಾಗಲಿ.